ಅವಳು ಕೈಬಿಡುವಂತಿಲ್ಲ

ಲಕ್ವ ಹೊಡೆದ ಮನುಷ್ಯನನ್ನು ಮಂಚದಿಂದ ಎಬ್ಬಿಸಿ ನಿಲ್ಲಿಸುವುದನ್ನು ನೀವು ಹತ್ತಿರದಿಂದ ನೋಡಿದ್ದೀರಾ? ಫಿಸಿಯೋ ಅವನ ಎದುರಿಗೆ ಬಂದು ನಿಲ್ಲುತ್ತಾಳೆ. ಅವನ ಸೋತ ಮಂಡಿ ಮಡಚಿಕೊಳ್ಳದಿರಲೆಂದು ತನ್ನ ಮಂಡಿಯನ್ನು ಅದಕ್ಕೆ ಒತ್ತಿ ಹಿಡಿಯುತ್ತಾಳೆ. ಎರಡೂ ತೋಳನ್ನು ಅವನ ಬೆನ್ನ ಹಿಂದೆ ಸುತ್ತಿ, ಸೊಂಟದ ಬೆಲ್ಟನ್ನು ಬಿಗಿಯಾಗಿ ಹಿಡಿದು, "ಮುಂದಕ್ಕೆ ಬಾಗಿ ತಾತ, ಒಂದು, ಎರಡು, ಮೂರು, ಏಳಿ" ಅನ್ನುತ್ತಾಳೆ. ಅವನು ಏಳುತ್ತಾನೆ. ಆ ಗಳಿಗೆಯಲ್ಲಿ ಅವನ ಮೈಭಾರವೆಲ್ಲ ಅವಳ ಮೇಲೆ. ಅವನ ಒಂದು ಕೈ ಜೀವವಿಲ್ಲದೆ ಜೋತುಬಿದ್ದಿದೆ. ಇನ್ನೊಂದು ಕೈಯಲ್ಲಿ ಕಸುವಿದೆ.

ಕಸುವಿರುವ ಆ ಕೈ ಅವಳ ಮೈಮೇಲೆ ಹೋಗಬಾರದ ಕಡೆ ಹೋದರೆ ಅವಳೇನು ಮಾಡಬೇಕು? ಹಿಡಿತ ಸಡಿಲಿಸಿದರೆ ಅವನು ಬೀಳುತ್ತಾನೆ. ಬಿದ್ದರೆ ಸೊಂಟದ ಮೂಳೆ ಮುರಿಯಬಹುದು, ತಲೆ ಒಡೆಯಬಹುದು, ಬೀಳಿಸಿದ ಹೊಣೆ ಅವಳ ತಲೆಗೆ ಬರುತ್ತದೆ. ಆದ್ದರಿಂದ ಅವಳು ಹಲ್ಲು ಕಚ್ಚಿಕೊಂಡು ಅವನನ್ನು ಮೆಲ್ಲಗೆ ಮಂಚದ ಮೇಲೆ ಕೂರಿಸುತ್ತಾಳೆ, ಆಮೇಲೆ ಹಿಂದಕ್ಕೆ ಸರಿಯುತ್ತಾಳೆ. ಕೂರಿಸುವವರೆಗಿನ ಆ ಹೊತ್ತು ಎಷ್ಟು ದೀರ್ಘವೆಂದು ಅವಳಿಗೆ ಮಾತ್ರ ಗೊತ್ತು. ವೈದ್ಯರು ಮೇಜಿನಾಚೆ ಕೂತು ಮಾತಾಡಬಹುದು, ಬೇಡವೆನಿಸಿದರೆ ಎದ್ದು ಹೊರಗೆ ಹೋಗಬಹುದು. ಔಷಧದಂಗಡಿಯವರಿಗೆ ನಡುವೆ ಕಟ್ಟೆಯಿದೆ. ಫಿಸಿಯೋಗೆ ರೋಗಿಯ ಮೈಯೇ ಕೆಲಸದ ಜಾಗ. ಅವಳ ಎರಡೂ ಕೈ ಅವನನ್ನು ಹಿಡಿದಿರುತ್ತವೆ.

ನಮ್ಮ ಕೈಗಳು ಖಾಲಿಯಿರುತ್ತವೆ. ಬಾಗಿಲ ಬಳಿ ನಿಂತ ಮಗ, ಅಡುಗೆಮನೆಯಿಂದ ಇಣುಕುವ ಸೊಸೆ, ಪಕ್ಕದ ಮಂಚದ ರೋಗಿಯ ಕಡೆಯವರು, ಕ್ಲಿನಿಕ್ಕಿನ ಮಾಲೀಕರು, ಠಾಣೆಯಲ್ಲಿ ಕೂತವರು. ಈ ಬರಹ ಅವರಿಗೆ, ಅಂದರೆ ನಮಗೆ. ಕಾಯಿಲೆ ರೋಗಿಯನ್ನು ಒಂದಷ್ಟು ಮಟ್ಟಿಗೆ ಹೊಣೆಯಿಂದ ಬಿಡಿಸಬಹುದು. ಸುತ್ತ ನಿಂತ ನಮಗೆ ಯಾವ ಕಾಯಿಲೆಯೂ ಇಲ್ಲ.

ಚನ್ನಪಟ್ಟಣದ ಪಕ್ಕದ ದೊಡ್ಡಮಳೂರಿನಲ್ಲಿ ನಿಂತು ಈ ಮಾತು ಹೇಳುವುದಕ್ಕೆ ಕಾರಣವಿದೆ. ಇಲ್ಲಿನ ಅಪ್ರಮೇಯಸ್ವಾಮಿ ಗುಡಿಯೊಳಗೆ ಅಂಬೆಗಾಲಿಕ್ಕುವ ನವನೀತಕೃಷ್ಣನಿದ್ದಾನೆ. ಮಕ್ಕಳಾಗಲೆಂದು ಹರಸಿಕೊಂಡು ನಾಡಿನ ಮೂಲೆಮೂಲೆಯಿಂದ ಜನ ಬರುತ್ತಾರೆ, ತೊಟ್ಟಿಲು ಒಪ್ಪಿಸುತ್ತಾರೆ, ಬೆಣ್ಣೆ ನೈವೇದ್ಯ ಮಾಡಿಸುತ್ತಾರೆ. ಹುಟ್ಟಿದ ಮಗು ಕೂರುವ ಹೊತ್ತಿಗೆ ಕೂರದೆ, ಹರಿದಾಡುವ ಹೊತ್ತಿಗೆ ಹರಿದಾಡದೆ ಉಳಿದಾಗ, ಆ ತಾಯಿತಂದೆ ಹುಡುಕಿಕೊಂಡು ಹೋಗುವುದು ಫಿಸಿಯೋಥೆರಪಿಯವರನ್ನು. ಕತ್ತು ನಿಲ್ಲಿಸುವುದು, ಮಗ್ಗುಲಾಗುವುದು, ಕೈಯೂರಿ ಎದೆ ಎತ್ತುವುದು, ಮಂಡಿಯ ಮೇಲೆ ಭಾರ ಹಾಕುವುದು, ಇವನ್ನೆಲ್ಲ ತಿಂಗಳುಗಟ್ಟಲೆ ನೆಲದ ಮೇಲೆ ಮಗುವಿನ ಜೊತೆ ತಾನೂ ಮಂಡಿಯೂರಿ ಕಲಿಸುವ ಕೆಲಸ ಅದು. ಕೂಸು ಅಂಬೆಗಾಲಿಟ್ಟರೆ ಕೈಮುಗಿಯುವ ನಾಡಿನಲ್ಲಿ, ಆ ಹೆಜ್ಜೆ ಕಲಿಸುವವಳ ಮೈಗೆ ಮರ್ಯಾದೆ ಇರಬೇಡವೇ?

ನಮ್ಮ ಸೀಮೆಗೆ ಈ ಕೆಲಸದವರು ಎಷ್ಟು ಬೇಕಾಗಿದ್ದಾರೆ ಎಂಬುದನ್ನೂ ನೋಡಿ. ಚನ್ನಪಟ್ಟಣದಲ್ಲಿ ಪಟ್ಟರಿ ಮುಂದೆ ಕೂತು ಆಲೆಮರ ಕಡೆದು ಬೊಂಬೆ ಮಾಡುವವರಿಗೆ ಹೆಗಲು ಹಿಡಿಯುತ್ತದೆ, ಸೊಂಟ ಕಟ್ಟಿಕೊಳ್ಳುತ್ತದೆ. ರಾಮನಗರದಲ್ಲಿ ಬಿಸಿನೀರಿನ ಬಾಣಲೆ ಮುಂದೆ ನಿಂತು ರೇಷ್ಮೆ ನೂಲು ತೆಗೆಯುವ ಹೆಂಗಸರ ಬೆರಳು, ಮಣಿಕಟ್ಟು ಸವೆಯುತ್ತವೆ. ಕನಕಪುರ, ಮಾಗಡಿಯ ಹಳ್ಳಿಗಳಲ್ಲಿ ರಾಗಿ ಹೊಲ, ಹಿಪ್ಪುನೇರಳೆ ತೋಟದಲ್ಲಿ ಬಗ್ಗಿ ಬಗ್ಗಿ ಮಂಡಿ ಕಳೆದುಕೊಂಡವರು ಮನೆಮನೆಯಲ್ಲಿದ್ದಾರೆ. ಇವೆಲ್ಲದರ ಮೇಲೆ ಹೆದ್ದಾರಿ. 2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾಯಿತು. ಅಪಘಾತಗಳು ಯಾವ ಮಟ್ಟಕ್ಕೆ ಮುಟ್ಟಿದವೆಂದರೆ ಅದೇ ವರ್ಷದ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳನ್ನು ಮುಖ್ಯ ರಸ್ತೆಗೆ ಬಿಡದಂತೆ ತಡೆಯಬೇಕಾಯಿತು. ಅಪಘಾತದಲ್ಲಿ ಸತ್ತವರ ಸುದ್ದಿ ಪತ್ರಿಕೆಯಲ್ಲಿ ಬರುತ್ತದೆ. ಬದುಕುಳಿದವರು ತಲೆಗೆ ಹೊಲಿಗೆ, ಕಾಲಿಗೆ ಪ್ಲೇಟು ಹಾಕಿಸಿಕೊಂಡು ಮನೆಗೆ ಬರುತ್ತಾರೆ. ಅಲ್ಲಿಂದ ಮುಂದಿನ ತಿಂಗಳುಗಳು ಫಿಸಿಯೋನ ಕೈಯಲ್ಲಿ.

ಈ ಫಿಸಿಯೋಗಳಲ್ಲಿ ಬಹಳ ಮಂದಿ ಚಿಕ್ಕ ವಯಸ್ಸಿನ ಹೆಣ್ಣುಮಕ್ಕಳು. ಫಿಸಿಯೋಥೆರಪಿ ಪದವಿ (ಬಿಪಿಟಿ) ಮುಗಿಸಿ, ಬೆಳಿಗ್ಗೆ ಕ್ಲಿನಿಕ್ಕು, ಸಂಜೆ ಸ್ಕೂಟರಿನಲ್ಲಿ ಮನೆಮನೆಗೆ. ಒಂಟಿಯಾಗಿ, ಗುರುತಿಲ್ಲದವರ ಮನೆಯ ಒಳಕೋಣೆಗೆ ಹೋಗಿ ಕೆಲಸ ಮಾಡಬೇಕಾದ ಉದ್ಯೋಗ ಇನ್ನೆಷ್ಟಿವೆ ನೀವೇ ಎಣಿಸಿ. ಅಲ್ಲಿ ಅವರು ಉಣ್ಣುವುದೇನು? ಕಾಲೆತ್ತಿಸುವಾಗ ಒದೆ. ತೋಳು ತಿರುಗಿಸುವಾಗ ಕೆನ್ನೆಗೆ ಏಟು. "ನಿನ್ನಂಥೋರು ಎಷ್ಟ್ ಜನ ಬಂದ್ರು, ಒಬ್ಬಳಿಗೂ ನಡೆಸಕ್ಕಾಗ್ಲಿಲ್ಲ" ಎಂಬ ಬೈಗುಳ. ಉಗಿತ. ಪರಚು. "ವ್ಯಾಯಾಮ ಸಾಕು, ಸ್ವಲ್ಪ ಮಸಾಜ್ ಮಾಡು" ಎಂದು ಹಲ್ಲು ಬಿಡುವ ಗಂಡಸು. ಬೇಕೆಂದೇ ಬಟ್ಟೆ ಸರಿಸಿಕೊಂಡು ಮಲಗುವವನು. ರಾತ್ರಿ ಹತ್ತಕ್ಕೆ ವಾಟ್ಸ್ಆ್ಯಪಿನಲ್ಲಿ ಬರುವ ಮೆಸೇಜು. ಗಂಡು ಫಿಸಿಯೋಗಳಿಗೂ ಏಟು ಬೀಳುತ್ತದೆ, ಅವರನ್ನೂ ಕುತ್ತಿಗೆಪಟ್ಟಿ ಹಿಡಿದು ಕೇಳುತ್ತಾರೆ. ಆದರೆ ಹೆಣ್ಣುಮಕ್ಕಳಿಗೆ ಏಟಿನ ಜೊತೆ ಇನ್ನೊಂದು ಭಯವೂ ಸೇರಿಕೊಂಡಿದೆ.

ಇದು ನಮ್ಮ ಊರಿನ ಅಥವಾ ನಮ್ಮ ದೇಶದ ಗಂಡಸರ ವಿಶೇಷವೇನಲ್ಲ. ಅಮೆರಿಕದ ಫಿಸಿಯೋಗಳ ನಡುವೆ ನಡೆದು 2017ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ, ವೃತ್ತಿಜೀವನದಲ್ಲಿ ಒಮ್ಮೆಯಾದರೂ ರೋಗಿಯಿಂದ ಅನುಚಿತ ಲೈಂಗಿಕ ವರ್ತನೆ ಅನುಭವಿಸಿದ್ದೇವೆ ಎಂದವರು ನೂರಕ್ಕೆ 84. ಹಿಂದಿನ ಹನ್ನೆರಡು ತಿಂಗಳಲ್ಲೇ ಅನುಭವಿಸಿದವರು 47. ಕೆಟ್ಟ ಮಾತು, ಕೆಟ್ಟ ನೋಟದಿಂದ ಹಿಡಿದು ಮೈಮೇಲೆ ಕೈಹಾಕುವವರೆಗೆ ಎಲ್ಲವೂ ಆ ಲೆಕ್ಕದಲ್ಲಿ ಸೇರಿದೆ. ಅಲ್ಲಿ ಕೇಳಿದರು, ಆದ್ದರಿಂದ ಹೇಳಿದರು. ನಮ್ಮಲ್ಲಿ ಕೇಳುವವರು ಯಾರು?

ಈ ವೃತ್ತಿ ಸಂಘ ಕಟ್ಟಿಕೊಂಡ ಬಗೆಯನ್ನು ನೆನೆದರೆ ನೋವು ಇನ್ನೂ ಆಳವಾಗುತ್ತದೆ. 1894ರಲ್ಲಿ ಲಂಡನ್ನಿನಲ್ಲಿ ನಾಲ್ವರು ನರ್ಸುಗಳು ಸೇರಿ ತರಬೇತಿ ಪಡೆದ ಅಂಗಮರ್ದಕಿಯರ ಸಂಘವೊಂದನ್ನು ಸ್ಥಾಪಿಸಿದರು. ಮಸಾಜಿನ ಹೆಸರಲ್ಲಿ ವೇಶ್ಯಾಗೃಹಗಳು ನಡೆಯುತ್ತಿವೆಯೆಂದು ಆಗ ಅಲ್ಲಿ ದೊಡ್ಡ ಗದ್ದಲವೆದ್ದಿತ್ತು, ಓದಿ ಕಲಿತು ಚಿಕಿತ್ಸೆ ನೀಡುತ್ತಿದ್ದ ಹೆಂಗಸರ ಮೇಲೂ ಅದೇ ಕೆಸರು ಬಿದ್ದಿತ್ತು. ತಮ್ಮ ಕೆಲಸಕ್ಕೆ ನಿಯಮ, ಪರೀಕ್ಷೆ, ಘನತೆ ಬೇಕೆಂದು ಅವರು ಕಟ್ಟಿದ ಸಂಘವೇ ಮುಂದೆ ಬ್ರಿಟನ್ನಿನ ಫಿಸಿಯೋಥೆರಪಿ ಸಂಸ್ಥೆಯಾಗಿ ಬೆಳೆಯಿತು. ನಮ್ಮ ದೇಶದಲ್ಲಿ 1950ರ ದಶಕದ ಮೊದಲಲ್ಲಿ ಮುಂಬೈಯಲ್ಲಿ ಪೋಲಿಯೊ ಹಾವಳಿಯಾದಾಗ ಮಕ್ಕಳ ಕಾಲಿಗೆ ಚಿಕಿತ್ಸೆ ನೀಡುವವರು ಬೇಕಾಗಿ ಈ ಶಿಕ್ಷಣ ಬೇರು ಬಿಟ್ಟಿತು. 2021ರಲ್ಲಿ ಸಂಸತ್ತು ಅಂಗೀಕರಿಸಿದ ಸಹಾಯಕ ಮತ್ತು ಆರೋಗ್ಯ ಸೇವಾ ವೃತ್ತಿಗಳ ರಾಷ್ಟ್ರೀಯ ಆಯೋಗ ಕಾಯ್ದೆಯಲ್ಲಿ ಇದಕ್ಕೆ ಹೆಸರು ಹಿಡಿದು ಸ್ಥಾನ ಸಿಕ್ಕಿದೆ. ನೂರಮೂವತ್ತು ವರ್ಷ ದಾಟಿದ ಮೇಲೂ ನಮ್ಮ ಹುಡುಗಿ ಅದೇ ಕೊಳಕು ಮಾತನ್ನು ಕೇಳಿಸಿಕೊಂಡು ಬ್ಯಾಗು ಎತ್ತಿಕೊಂಡು ಹೊರಡಬೇಕಾಗಿದೆ.

ಒಂದು ವಿಷಯದಲ್ಲಿ ನಾವು ಪ್ರಾಮಾಣಿಕವಾಗಿರಬೇಕು. ಹೊಡೆಯುವ ರೋಗಿಗಳೆಲ್ಲ ಕೆಟ್ಟವರಲ್ಲ. ತಲೆಗೆ ಬಲವಾದ ಪೆಟ್ಟು ಬಿದ್ದವರು ಚೇತರಿಸಿಕೊಳ್ಳುವ ಹಾದಿಯನ್ನು ವೈದ್ಯಲೋಕ ಹಂತಹಂತವಾಗಿ ಗುರುತಿಸಿದೆ. ಕ್ಯಾಲಿಫೋರ್ನಿಯಾದ ರಾಂಚೊ ಲಾಸ್ ಅಮೀಗೋಸ್ ಆಸ್ಪತ್ರೆಯಲ್ಲಿ ರೂಪುಗೊಂಡ ಅಳತೆಗೋಲಿನಲ್ಲಿ ನಾಲ್ಕನೆಯ ಹಂತ ಗೊಂದಲ ಮತ್ತು ಉದ್ರೇಕದ್ದು. ಆ ಹಂತದಲ್ಲಿರುವವನಿಗೆ ತಾನೆಲ್ಲಿದ್ದೇನೆ, ಎದುರಿಗಿರುವವರು ಯಾರು ಎಂಬುದೇ ತಿಳಿಯುವುದಿಲ್ಲ. ಮೈಮುಟ್ಟಿದವರನ್ನು ಹೊಡೆಯುತ್ತಾನೆ, ಕಚ್ಚುತ್ತಾನೆ, ಮಂಚದಿಂದ ಹಾರುತ್ತಾನೆ. ಮೆದುಳಿನ ಮುಂಭಾಗಕ್ಕೆ ಏಟಾದವನಿಗೆ ನಾಚಿಕೆ, ಲಜ್ಜೆಗಳ ಕಡಿವಾಣವೇ ತಪ್ಪಿಹೋಗಬಹುದು. ಮರೆವಿನ ಕಾಯಿಲೆಯ ಅಜ್ಜಿ, ತನ್ನನ್ನು ಯಾರೋ ಎಳೆದೊಯ್ಯುತ್ತಿದ್ದಾರೆ ಎಂದು ಹೆದರಿ ಪರಚುತ್ತಾಳೆ. ಇವರ ಮೇಲೆ ದೂರು ಕೊಡಿ ಎಂದು ಯಾರೂ ಹೇಳುತ್ತಿಲ್ಲ. ಮಂಡಿ ಆಪರೇಷನ್ ಆದವರ ಕಾಲನ್ನು ಮೊದಲ ವಾರಗಳಲ್ಲಿ ಮಡಚಿಸುವಾಗ ಜೀವ ಹೋಗುವಂಥ ನೋವಾಗುತ್ತದೆ. ನೋವಿಗೆ ಕಾಲು ತಾನಾಗಿ ಝಾಡಿಸಿದರೆ ಅದು ಹಲ್ಲೆಯಲ್ಲ. ಅದು ಫಿಸಿಯೋಗೂ ಗೊತ್ತು.

ಆದರೆ ಇಂಥ ರೋಗಿಯ ವಿಷಯವನ್ನು ಮುಚ್ಚಿಟ್ಟು ಅವಳನ್ನು ಒಬ್ಬಳನ್ನೇ ಕೋಣೆಗೆ ಕಳಿಸುತ್ತೇವಲ್ಲ, ಅದು ನಮ್ಮ ಅಪರಾಧ. "ನಿನ್ನೆ ನರ್ಸಿಗೆ ಹೊಡೆದ್ರು, ರಾತ್ರಿ ನನಗೂ ಹೊಡೆದ್ರು" ಎಂದು ಬಾಗಿಲಲ್ಲೇ ಹೇಳಿದ್ದರೆ ಅವಳು ಇನ್ನೊಬ್ಬರನ್ನು ಕರೆದುಕೊಂಡು ಬರುತ್ತಿದ್ದಳು, ರೋಗಿಯ ಸೋತ ಬದಿಗೆ ನಿಲ್ಲುತ್ತಿದ್ದಳು, ಕತ್ತಿನ ಸರ ಬಿಚ್ಚಿಡುತ್ತಿದ್ದಳು, ಟಿವಿ ಆರಿಸಿ ಕೋಣೆ ಶಾಂತ ಮಾಡಿ ಹತ್ತು ನಿಮಿಷದಲ್ಲಿ ಮುಗಿಸುತ್ತಿದ್ದಳು, ಅಥವಾ ಮೊದಲು ನರರೋಗ ತಜ್ಞರಿಗೆ ತೋರಿಸಿ ಮಾತ್ರೆ ಸರಿಮಾಡಿಸಿಕೊಳ್ಳಿ ಅನ್ನುತ್ತಿದ್ದಳು. ಅದಕ್ಕೆಲ್ಲ ಅವಳಿಗೆ ತರಬೇತಿಯಿದೆ. ನಾವು ಹೇಳುವುದಿಲ್ಲ. ಹೇಳಿದರೆ ಎಲ್ಲಿ ಬರುವುದಿಲ್ಲವೋ ಎಂಬ ಅಂಜಿಕೆ. ನಮ್ಮ ಅಂಜಿಕೆಯ ಬೆಲೆಯನ್ನು ಅವಳ ಕೆನ್ನೆ ತೆರುತ್ತದೆ.

ಇನ್ನೊಂದು ಬಗೆಯವನು ಬೇರೆ. ಅವನಿಗೆ ಎಲ್ಲ ಗೊತ್ತು. ಹೆಂಡತಿ ಕೋಣೆಯಲ್ಲಿದ್ದಾಗ ಅವನ ಕೈ ಸುಮ್ಮನಿರುತ್ತದೆ, ಅವಳು ಕಾಫಿ ತರಲು ಹೋದ ಕ್ಷಣ ಚುರುಕಾಗುತ್ತದೆ. ಗಂಡು ಫಿಸಿಯೋ ಬಂದ ದಿನ ಮರ್ಯಾದಸ್ಥ, ಹುಡುಗಿ ಬಂದ ದಿನ ಬೇರೆ ಮನುಷ್ಯ. ಆಳು ನೋಡಿ, ಸಮಯ ನೋಡಿ ಬದಲಾಗುವುದು ಕಾಯಿಲೆಯಲ್ಲ. ಇವನನ್ನೂ ಮೊದಲಿನವರನ್ನೂ "ಪಾಪ, ರೋಗಿ" ಎಂಬ ಒಂದೇ ಕಂಬಳಿಯಡಿ ಮಲಗಿಸುವುದರಿಂದ ನಾವು ನಿಜವಾದ ರೋಗಿಗಳಿಗೂ ದ್ರೋಹ ಮಾಡುತ್ತಿದ್ದೇವೆ.

ಆಮೇಲೆ ಏನಾಗುತ್ತದೆ? ಹುಡುಗಿ ಧೈರ್ಯ ಮಾಡಿ ಮನೆಯವರಿಗೆ ಹೇಳಿದಳು ಎಂದುಕೊಳ್ಳಿ. "ಬುಡವ್ವ, ವಯಸ್ಸಾಗೈತೆ, ನಿಮ್ಮಪ್ಪನಂಗಲ್ವಾ" ಎಂಬ ಉತ್ತರ. ಕ್ಲಿನಿಕ್ಕಿಗೆ ಹೇಳಿದರೆ, "ಒಳ್ಳೆ ಪಾರ್ಟಿ, ಹೇಗಾದ್ರೂ ಹೊಂದ್ಕೊಂಡು ಹೋಗಿ ಮೇಡಂ." ತನ್ನ ಮನೆಯಲ್ಲಿ ಹೇಳಿದರೆ, "ನಾಳೆಯಿಂದ ಕೆಲಸಕ್ಕೆ ಹೋಗಬೇಡ." ಈ ಕೊನೆಯದೇ ಹೆಚ್ಚು ಕ್ರೂರ. ನಾಲ್ಕು ವರ್ಷಕ್ಕೂ ಮಿಕ್ಕಿ ಓದಿದ್ದು, ಸಾಲ ಮಾಡಿ ಫೀಸು ಕಟ್ಟಿದ್ದು, ಎಲ್ಲ ಒಬ್ಬನ ಕೈಚಳಕಕ್ಕೆ ಬಲಿ. ಆದ್ದರಿಂದ ಅವಳು ಎಲ್ಲೂ ಹೇಳುವುದಿಲ್ಲ. ಸ್ಕೂಟರ್ ಕೆಟ್ಟಿದೆ, ಊರಿಗೆ ಹೋಗಬೇಕಿದೆ ಎಂದು ಏನೋ ನೆಪ ಹೇಳಿ ಆ ಮನೆಗೆ ಹೋಗುವುದನ್ನು ನಿಲ್ಲಿಸುತ್ತಾಳೆ. ಆ ಮನೆಯವರು ಏಜೆನ್ಸಿಗೆ ಫೋನ್ ಮಾಡಿ ಇನ್ನೊಬ್ಬಳನ್ನು ಕರೆಸಿಕೊಳ್ಳುತ್ತಾರೆ. ಹೊಸಬಳಿಗೆ ಹಳಬಳ ಸಂಗತಿ ಗೊತ್ತಿಲ್ಲ.

ಹೆಣ್ಣಿನ ಮಾನ ಕಾಪಾಡಲು ಮೌನ ವಹಿಸುತ್ತೇವೆ ಎನ್ನುವವರು ಹೊನ್ನಾವರ ತಾಲ್ಲೂಕಿನ ಹಳದೀಪುರದ ಅರುಣಾ ಶಾನಭಾಗರನ್ನು ನೆನೆಯಬೇಕು. ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸಾಗಿದ್ದ ಅವರ ಮೇಲೆ 1973ರ ನವೆಂಬರ್ 27ರ ಸಂಜೆ ಅದೇ ಆಸ್ಪತ್ರೆಯ ಕೆಲಸಗಾರನೊಬ್ಬ ಎರಗಿದ. ನಾಯಿಗೆ ಹಾಕುವ ಸರಪಳಿಯಿಂದ ಕುತ್ತಿಗೆ ಬಿಗಿದ. ಮೆದುಳಿಗೆ ರಕ್ತ ಹರಿಯದೆ ಅವರು ಮತ್ತೆಂದೂ ಸಹಜ ಅರಿವಿಗೆ ಮರಳಲಿಲ್ಲ. 2015ರ ಮೇ 18ರಂದು ಉಸಿರು ನಿಲ್ಲುವವರೆಗೆ 41 ವರ್ಷಕ್ಕೂ ಮಿಕ್ಕಿ ಹಾಸಿಗೆಯಲ್ಲಿದ್ದರು. ಅವನ ಮೇಲೆ ಲೈಂಗಿಕ ಹಲ್ಲೆಯ ಆರೋಪವನ್ನು ಹೊರಿಸಲೇ ಇಲ್ಲ. ಕೊಲೆಯತ್ನ ಮತ್ತು ದರೋಡೆಗೆ ಶಿಕ್ಷೆಯಾಗಿ, ಏಳು ವರ್ಷ ಕಳೆದು ಹೊರಬಂದ. ಹುಡುಗಿಯ ಹೆಸರು ಕೆಡಬಾರದೆಂಬ ಮೌನದಿಂದ ಕಡೆಗೆ ಉಳಿದದ್ದು ಯಾರು ನೋಡಿ. ಅವನು ರೋಗಿಯಾಗಿರಲಿಲ್ಲ ನಿಜ. ಆದರೆ ಸೇವೆ ಮಾಡುವ ಹೆಣ್ಣಿನ ಸುತ್ತ ನಾವು ಕಟ್ಟುವ ಮೌನದ ಗೋಡೆ ಅಂದಿನದೇ, ಕದಲಿಲ್ಲ. ಅಷ್ಟೂ ವರ್ಷ ಅರುಣಾರನ್ನು ತಮ್ಮ ಮನೆಯವಳಂತೆ ನೋಡಿಕೊಂಡವರು ಅದೇ ಆಸ್ಪತ್ರೆಯ ನರ್ಸುಗಳು, ಒಂದು ತಲೆಮಾರಿನ ಮೇಲೆ ಇನ್ನೊಂದು ತಲೆಮಾರು. ಆ ಹೆಂಗಸರ ಎದುರು ನಾಡು ತಲೆಬಾಗಬೇಕು.

ನಮ್ಮ ರಾಮನಗರಕ್ಕೂ ಒಂದು ನೆನಪಿದೆ. 2020ರ ಏಪ್ರಿಲ್ 19ರ ರಾತ್ರಿ ಬೆಂಗಳೂರಿನ ಪಾದರಾಯನಪುರದಲ್ಲಿ, ಕೊರೊನಾ ಸೋಂಕಿತರ ಸಂಪರ್ಕಕ್ಕೆ ಬಂದವರನ್ನು ಕ್ವಾರಂಟೈನಿಗೆ ಕರೆದೊಯ್ಯಲು ಹೋಗಿದ್ದ ಸಿಬ್ಬಂದಿಯ ಮೇಲೆ ಗುಂಪು ನುಗ್ಗಿತು. ಬಂಧಿತರನ್ನು ರಾಮನಗರದ ಜೈಲಿಗೆ ತಂದರು. ಅವರಲ್ಲಿ ಕೆಲವರಿಗೆ ಸೋಂಕಿರುವುದು ಗೊತ್ತಾದಾಗ ಇಡೀ ಜಿಲ್ಲೆ ಸಿಡಿದೆದ್ದಿತು. ಅದುವರೆಗೆ ಹಸಿರು ವಲಯದಲ್ಲಿದ್ದವರು ನಾವು, ಇಲ್ಲಿಗೇಕೆ ತಂದಿರಿ ಎಂದು ಪಕ್ಷಭೇದವಿಲ್ಲದೆ ಕೇಳಿದೆವು. ಕಡೆಗೆ ಅವರನ್ನು ಬೆಂಗಳೂರಿನ ಹಜ್ ಭವನಕ್ಕೆ ಸಾಗಿಸಿದರು. ಆ ಸಿಟ್ಟು ನ್ಯಾಯವಾದದ್ದೇ. ಆದರೆ ಆ ವಾರವೆಲ್ಲ ನಮ್ಮ ಬಾಯಲ್ಲಿ ಇದ್ದದ್ದು ನಮ್ಮ ಜೈಲು, ನಮ್ಮ ವಲಯ, ನಮ್ಮ ಸೋಂಕು. ಏಟು ತಿಂದ ಆರೋಗ್ಯ ಸಿಬ್ಬಂದಿಯ ಮಾತನ್ನು ನಾವು ಎಷ್ಟು ಆಡಿದೆವು? ಅಪಾಯ ನಮ್ಮ ಹೊಸಿಲಿಗೆ ಬಂದಾಗ ಸಿಡಿಯುವ ನಾವು, ಅದೇ ಅಪಾಯ ನಮ್ಮ ಹೊಸಿಲೊಳಗೆ, ನಮ್ಮ ಹಿರಿಯರ ಕೈಯಿಂದಲೇ ಇನ್ನೊಬ್ಬರ ಮಗಳಿಗೆ ಒದಗಿದಾಗ ಏಕೆ ತಣ್ಣಗಿರುತ್ತೇವೆ?

ವೈದ್ಯರ ಮೇಲೆ ಕೈಮಾಡಿದರೆ ಈಗೀಗ ಸುದ್ದಿಯಾದರೂ ಆಗುತ್ತದೆ. 2024ರ ಸೆಪ್ಟೆಂಬರಿನಲ್ಲಿ ಚಿಕ್ಕಮಗಳೂರಿನ ಜಿಲ್ಲಾ ಆಸ್ಪತ್ರೆಯಲ್ಲಿ ಗಾಯಾಳುವಿನ ಕಡೆಯವರು ವೈದ್ಯರ ಕೊರಳಪಟ್ಟಿ ಹಿಡಿದೆಳೆದದ್ದನ್ನು ಇಡೀ ರಾಜ್ಯ ಮೊಬೈಲಿನಲ್ಲಿ ನೋಡಿತು. 2023ರ ಮೇ 10ರಂದು ಕೇರಳದ ಕೊಟ್ಟಾರಕ್ಕರದಲ್ಲಿ, ಕಾಲಿನ ಗಾಯಕ್ಕೆ ಚಿಕಿತ್ಸೆ ಕೊಡಿಸಲು ಪೊಲೀಸರು ಕರೆತಂದಿದ್ದವನು ಯುವ ವೈದ್ಯೆ ವಂದನಾ ದಾಸ್ ಅವರನ್ನು ಇರಿದು ಕೊಂದ. ಅದೇ ತಿಂಗಳು ಅಲ್ಲಿನ ಸರ್ಕಾರ ಕಾನೂನು ಬಿಗಿಗೊಳಿಸಿತು. ಫಿಸಿಯೋ ಮೇಲಿನ ಹಲ್ಲೆಗೆ ಸಿಸಿಟಿವಿಯಿಲ್ಲ, ಸಾಕ್ಷಿಯಿಲ್ಲ. ಅದು ನಡುಮನೆಯಲ್ಲಿ, ಪರದೆಯ ಹಿಂದೆ ನಡೆದು ಅಲ್ಲೇ ಮುಗಿದುಹೋಗುತ್ತದೆ. ಯಾರಾದರೂ ಸಾಯಲಿ, ಆಮೇಲೆ ಎಚ್ಚರವಾಗೋಣ ಎಂದು ಕಾಯುತ್ತಿದ್ದೇವೆಯೇ?

ಕಾನೂನು ಇಲ್ಲದೆ ಇಲ್ಲ. 2009ರ ಕರ್ನಾಟಕದ ಕಾಯ್ದೆಯಂತೆ ವೈದ್ಯಕೀಯ ಸೇವಾ ಸಿಬ್ಬಂದಿಯ ಮೇಲೆ ಹಿಂಸಾಚಾರ ನಡೆಸಿದರೆ ಮೂರು ವರ್ಷದವರೆಗೆ ಜೈಲು, 50,000 ರೂಪಾಯಿವರೆಗೆ ದಂಡ. ಜಾಮೀನುರಹಿತ ಅಪರಾಧ. ಅರೆವೈದ್ಯಕೀಯ ಸಿಬ್ಬಂದಿಯೂ ಅದರ ರಕ್ಷಣೆಯೊಳಗೆ ಬರುತ್ತಾರೆ. ಆದರೆ ಆಸ್ಪತ್ರೆ, ನರ್ಸಿಂಗ್ ಹೋಮುಗಳನ್ನು ಕಣ್ಣಮುಂದಿಟ್ಟುಕೊಂಡು ಬರೆದ ಕಾಯ್ದೆ ಅದು. ಮನೆಗೆ ಹೋಗಿ ಚಿಕಿತ್ಸೆ ಕೊಡುವವಳಿಗೂ ಅದು ನಿಸ್ಸಂದೇಹವಾಗಿ ಅನ್ವಯಿಸುವಂತೆ ಶಾಸಕರು ತಿದ್ದುಪಡಿ ತರಬೇಕು. ನಮ್ಮ ಭಾಗದವರಿಗೆ ವಿಧಾನಸೌಧದಲ್ಲಿ ದನಿಯಿಲ್ಲ ಎಂದು ಯಾರೂ ಹೇಳಲಾರರು. ಮುಖ್ಯಮಂತ್ರಿಗಳನ್ನು ಕೊಟ್ಟ ಸೀಮೆಯಿದು.

ಹೆಣ್ಣುಮಕ್ಕಳಿಗೆ ಇನ್ನೂ ಬಲವಾದ ಆಸರೆ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ. ಕಚೇರಿಯೊಳಗಿನ ಸಾಹೇಬರಿಗೆ ಮಾತ್ರ ಅದು ಎಂದು ಬಹಳ ಮಂದಿ ತಿಳಿದಿದ್ದಾರೆ. ಕಾಯ್ದೆಯನ್ನು ಓದಿ ನೋಡಿ. ಕೆಲಸದ ಸ್ಥಳವೆಂದರೆ ಆಸ್ಪತ್ರೆ, ನರ್ಸಿಂಗ್ ಹೋಮು. ವಾಸದ ಮನೆಯೂ ಸೇರಿದೆ. ಕೆಲಸದ ಮೇಲೆ ಹೋದ ಯಾವುದೇ ಜಾಗ, ಹೋಗಲು ಮಾಲೀಕರು ಒದಗಿಸಿದ ವಾಹನವೂ ಸೇರಿವೆ. ಕೆಲಸದ ಜಾಗದಲ್ಲಿ ಎದುರಾಗುವ ಹೊರಗಿನವರಿಂದಲೂ ಆಕೆಯನ್ನು ಕಾಪಾಡುವುದು ಮಾಲೀಕನ ಕರ್ತವ್ಯವೆಂದು 19ನೆಯ ಕಲಮು ಬಿಡಿಸಿ ಹೇಳುತ್ತದೆ. ತಪ್ಪಿತಸ್ಥ ತನ್ನ ಸಿಬ್ಬಂದಿಯಲ್ಲದಿದ್ದರೂ, ಆಕೆ ಬಯಸಿದರೆ ಅವನ ಮೇಲೆ ಕ್ರಿಮಿನಲ್ ಕ್ರಮ ಶುರುಮಾಡಿಸಬೇಕಾದವನು ಮಾಲೀಕನೇ. ಹತ್ತಕ್ಕಿಂತ ಕಡಿಮೆ ಜನ ಇರುವ ಕ್ಲಿನಿಕ್ಕಾದರೆ ಜಿಲ್ಲೆಗೊಂದು ಸ್ಥಳೀಯ ಸಮಿತಿ ಇರಬೇಕು, ಮೂರು ತಿಂಗಳೊಳಗೆ ಅಲ್ಲಿ ದೂರು ಕೊಡಬಹುದು. ಆದ್ದರಿಂದ, ಕ್ಲಿನಿಕ್ಕು ನಡೆಸುವ ಅಣ್ಣಂದಿರೇ, ಅಕ್ಕಂದಿರೇ, "ಹೊಂದ್ಕೊಂಡು ಹೋಗಿ ಮೇಡಂ" ಅನ್ನುವಾಗ ನೀವು ಕಾನೂನನ್ನು ಮುರಿಯುತ್ತಿದ್ದೀರಿ. ಇವತ್ತೇ ನಿಮ್ಮ ಗೋಡೆಯ ಮೇಲೆ ಬರೆಸಿ: ಇಲ್ಲಿ ಸಿಬ್ಬಂದಿಯ ಮೇಲೆ ಕೈಮಾಡಿದರೆ, ಅಸಭ್ಯವಾಗಿ ನಡೆದುಕೊಂಡರೆ ಚಿಕಿತ್ಸೆ ಅಲ್ಲಿಗೇ ನಿಲ್ಲುತ್ತದೆ. ಹಾಗೆ ಅರ್ಧಕ್ಕೆ ನಿಲ್ಲಿಸಿ ಬಂದವಳ ಅಂದಿನ ಸಂಬಳ ಹಿಡಿಯಬೇಡಿ. ಹೊಸ ಮನೆಗೆ ಮೊದಲ ಸಲ ಇಬ್ಬರನ್ನು ಕಳಿಸಿ. ಒಬ್ಬ ರೋಗಿ ಹೋದರೆ ಹೋಗಲಿ.

ಪೊಲೀಸ್ ಮಿತ್ರರೇ, "ಲಕ್ವ ಹೊಡೆದವನ ಮೇಲೆ ಏನು ಕೇಸ್ ಹಾಕೋದು" ಎಂಬ ಮಾತು ನಿಮ್ಮ ಬಾಯಿಂದ ಬರಬಾರದು. ಅವನಿಗೆ ಅರಿವಿತ್ತೇ ಇಲ್ಲವೇ ಎಂಬುದನ್ನು ವೈದ್ಯರು, ನ್ಯಾಯಾಲಯ ತೀರ್ಮಾನಿಸಲಿ. ನಿಮ್ಮ ಕೆಲಸ ದೂರು ಬರೆದುಕೊಳ್ಳುವುದು. ಹೆಣ್ಣುಮಕ್ಕಳ ಮೇಲಿನ ಹಲ್ಲೆ, ಕಿರುಕುಳ ಕುರಿತ ಭಾರತೀಯ ನ್ಯಾಯ ಸಂಹಿತೆಯ 74, 75, 78, 79ನೆಯ ಕಲಮುಗಳಲ್ಲಿ ಹೆಂಚಿನ ಮನೆ, ಆರ್‌ಸಿಸಿ ಮನೆ, ರೋಗಿಯ ಮನೆ ಎಂಬ ವಿನಾಯಿತಿ ಯಾವುದೂ ಇಲ್ಲ.

ವೈದ್ಯರೇ, ಫಿಸಿಯೋಗೆ ಕಳಿಸುವ ಚೀಟಿಯಲ್ಲಿ ಎಲುಬಿನ ವಿವರ ಬರೆಯುವಾಗ, ರೋಗಿ ಉದ್ರೇಕಗೊಳ್ಳುತ್ತಾನೆ, ಇಬ್ಬರು ಬೇಕು ಎಂಬ ಒಂದು ಸಾಲು ಸೇರಿಸಿ. ಕಾಲೇಜಿನ ಮೇಷ್ಟರೇ, ಸ್ನಾಯುಗಳ ಹೆಸರು ಕಲಿಸಿದಷ್ಟೇ ಶ್ರದ್ಧೆಯಿಂದ "ನಿಲ್ಲಿಸಿ, ಇದು ಸರಿಯಲ್ಲ, ನಾನು ಹೋಗುತ್ತೇನೆ" ಎಂದು ಗಟ್ಟಿಯಾಗಿ ಹೇಳುವುದನ್ನು ಕಲಿಸಿ. ಇಂಟರ್ನ್‌ಷಿಪ್ಪಿನ ಹುಡುಗಿ ಅಳುತ್ತ ಬಂದರೆ "ಇದೆಲ್ಲ ಪ್ರೊಫೆಷನ್ನಿನಲ್ಲಿ ಮಾಮೂಲು" ಅನ್ನಬೇಡಿ. ಮಾಮೂಲು ಮಾಡಿಕೊಂಡದ್ದರಿಂದಲೇ ಇಲ್ಲಿಗೆ ಬಂದಿದ್ದೇವೆ. ಮೈಮುಟ್ಟುವ ಮೊದಲು ಎಲ್ಲಿ, ಏಕೆ ಮುಟ್ಟುತ್ತೇನೆಂದು ಹೇಳಿ ಒಪ್ಪಿಗೆ ಪಡೆಯುವ ಪಾಠ ಫಿಸಿಯೋಗಳಿಗಿದೆ, ಅದನ್ನು ಯಾವ ಅವಸರದಲ್ಲೂ ಬಿಡಬೇಡಿ. ರೋಗಿಯ ಮೈಗೂ ಮರ್ಯಾದೆಯಿದೆ, ವಿಶೇಷವಾಗಿ ಪರದೆಯ ಹಿಂದೆ ಮುದುಡಿ ಮಲಗುವ ನಮ್ಮ ಹೆಂಗಸರಿಗೆ.

ರೋಗಿಗಳೇ, ನಿಮ್ಮ ಸಂಕಟ ಚಿಕ್ಕದೆಂದು ಯಾರೂ ಹೇಳುತ್ತಿಲ್ಲ. ನಿನ್ನೆಯವರೆಗೆ ಹೊಲ ಉತ್ತವನು ಇವತ್ತು ಉಚ್ಚೆಗೂ ಇನ್ನೊಬ್ಬರ ಕೈ ಕಾಯಬೇಕೆಂದರೆ ಕೋಪ ಬಾರದೆ ಇರುತ್ತದೆಯೇ? ಬೈಯಬೇಕೆನಿಸಿದರೆ ದೇವರನ್ನು ಬೈಯಿರಿ. ಆ ಕೋಪ ನಿಮ್ಮನ್ನು ಎದ್ದು ನಿಲ್ಲಿಸಲೆಂದೇ ಬಂದವಳ ಮೇಲೆ ಹೊರಳುವುದು ಬೇಡ.

ಮತ್ತೆ ಮನೆಯವರೇ, ಎಲ್ಲಕ್ಕಿಂತ ಹೆಚ್ಚಾಗಿ ನೀವೇ. ಅವಳು ಬಂದಾಗ ಕೋಣೆಯಲ್ಲಿ ಒಬ್ಬರು ಕೂತಿರಿ. ಬಾಗಿಲು ತೆರೆದಿರಲಿ. ಅಪ್ಪನ ಕೈ ತಪ್ಪಿ ನಡೆದರೆ, ಅವಳು ಬಾಯಿ ತೆರೆಯುವ ಮುನ್ನ ನೀವು ಎದ್ದು ಆ ಕೈ ಹಿಡಿದು "ಅಪ್ಪ, ಬುಡು" ಎಂದು ಗದರಿಸಿ. ಅದರಿಂದ ಅಪ್ಪನ ಮರ್ಯಾದೆ ಹೋಗುವುದಿಲ್ಲ, ಮನೆಯ ಮರ್ಯಾದೆ ಉಳಿಯುತ್ತದೆ. ಅವಳು ಅರ್ಧಕ್ಕೆ ನಿಲ್ಲಿಸಿ ಹೊರಟರೆ ಅಂದಿನ ಹಣ ಪೂರ್ತಿ ಕೊಡಿ. ಪೊಲೀಸರ ಮುಂದೆ ಸಾಕ್ಷಿ ಹೇಳಬೇಕಾಗಿ ಬಂದರೆ, ಕಷ್ಟವಾದರೂ, ಹೇಳಿ.

ದೊಡ್ಡಮಳೂರಿನ ಮುಂದಿನ ಗ್ರಾಮಸಭೆಯಲ್ಲಿ ಇದು ಚರ್ಚೆಗೆ ಬರಲಿ. ಆಶಾ ಕಾರ್ಯಕರ್ತೆಯರು, ಅಂಗನವಾಡಿಯವರು, ಮನೆಗೆ ಬಂದು ಡ್ರೆಸ್ಸಿಂಗ್ ಮಾಡುವ ನರ್ಸುಗಳು, ಫಿಸಿಯೋಗಳು, ನಮ್ಮ ಬಾಗಿಲು ದಾಟಿ ಒಳಬರುವ ಎಲ್ಲ ಹೆಣ್ಣುಮಕ್ಕಳನ್ನೂ ಕೂರಿಸಿ ಮಾತಾಡಿಸಿ. ನಡಾವಳಿ ಪುಸ್ತಕದಲ್ಲಿ ಅವರ ಮಾತು ದಾಖಲಾಗಲಿ. ಜಿಲ್ಲೆಯ ಸ್ಥಳೀಯ ಸಮಿತಿಯ ಅಧ್ಯಕ್ಷರು ಯಾರು, ಅವರ ಫೋನ್ ನಂಬರೇನು ಎಂಬುದನ್ನು ಜಿಲ್ಲಾಧಿಕಾರಿಗಳಿಂದ ಬರೆಸಿ ತರಿಸಿ ಪಂಚಾಯ್ತಿ ಕಟ್ಟೆ, ತಾಲ್ಲೂಕು ಆಸ್ಪತ್ರೆ, ಬಸ್ ನಿಲ್ದಾಣದಲ್ಲಿ ಹಾಕಿಸಿ, ಪಕ್ಕದಲ್ಲೇ 112, 181 ಎಂದು ದಪ್ಪ ಅಕ್ಷರದಲ್ಲಿ ಬರೆಸಿ.

ಅಲ್ಲಿಯವರೆಗೆ ಕಾಯದೆ ಇಂದು ಸಂಜೆಯೇ ಮಾಡಬಹುದಾದ ಕೆಲಸವೊಂದಿದೆ. ನಿಮ್ಮ ಮನೆಗೆ ಬರುತ್ತಿದ್ದು, ಏನೋ ನೆಪ ಹೇಳಿ ಬರುವುದನ್ನು ನಿಲ್ಲಿಸಿದ ಫಿಸಿಯೋ ಯಾರಾದರೂ ಇದ್ದರೆ ಅವಳಿಗೆ ಫೋನ್ ಮಾಡಿ. ವಾಪಸ್ ಬಾ ಎಂದು ಕರೆಯಲು ಅಲ್ಲ. ನಮ್ಮ ಮನೆಯಲ್ಲಿ ನಿನಗೆ ಏನಾಯಿತು ತಾಯಿ ಎಂದು ಕೇಳಿ. ಅವಳು ಹೇಳಿದರೆ, ನಡುವೆ ಬಾಯಿಹಾಕದೆ, ಪೂರ್ತಿ ಕೇಳಿಸಿಕೊಳ್ಳಿ.